ಗಾಳಿ ನಿಂತಾಗ ಬರುವ ಗಾಡಿ

1982ರ ಫೆಬ್ರುವರಿ 16, ಮಂಗಳವಾರ ಬೆಳಿಗ್ಗೆ ಸರಸಂಬಾದ ಹಣಮವ್ವ ಆಳಂದ ಪೊಲೀಸ್ ಠಾಣೆಗೆ ಬಂದಳು. ಅವಳ ಗಂಡ ಸೈದಪ್ಪ ಊರೂರು ತಿರುಗಿ ಕುಪ್ಪಸದ ಖಣ ಮಾರುತ್ತಿದ್ದವನು. ಡಿಸೆಂಬರಿನಲ್ಲಿ ಮೊಪೆಡ್ ಹತ್ತಿ ಮಾದನಹಿಪ್ಪರಗಾದ ಸಂತೆಗೆ ಹೋದವನು ತಿರುಗಿ ಬಂದಿರಲಿಲ್ಲ. ಕಾಣೆಯಾದ ಪ್ರಕರಣ ದಾಖಲಾಗಿತ್ತು. ಮನುಷ್ಯನೂ ಸಿಕ್ಕಿರಲಿಲ್ಲ, ಗಾಡಿಯೂ ಸಿಕ್ಕಿರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ದೌಲತರಾಯ ಬೆಂಚು ತೋರಿಸಿದರು. ಅವಳು ಕೂಡಲಿಲ್ಲ.

"ಸಾಹೇಬ್ರ, ನನ್ನ ಗಂಡನ ಗಾಡಿ ಬರಾಕತ್ತದರಿ."

"ಎಲ್ಲಿ ನೋಡಿದಿ?"

"ನೋಡಿಲ್ಲರಿ. ಸಪ್ಪಳ ಕೇಳತದ. ಮಧ್ಯಾಹ್ನ ಹೊಲದ ಕಡಿಂದ ಬರತದ, ಬರತದ, ಮನಿ ಮುಟ್ಟೂದಿಲ್ಲ. ನಾ ಬಾಗಲಕ ಹೋಗಿ ನಿಂದರತೇನಿ. ಅದು ಅಲ್ಲೇ ನಿಂತು ಬಿಡತದ."

"ಬ್ಯಾರೆಯವರ ಗಾಡಿ ಇರಬೇಕು."

"ಅದರ ಪಟ್ಟಾ ಅಳೂದು ನನಗ ಗೊತ್ತಾಗೂದಿಲ್ಲೇನ್ರಿ? ದಿನಾ ಮುಂಜಾನೆ ಒರಸಿ ಕೊಡತಿದ್ದಾಕಿ ನಾನೇ."

ದೌಲತರಾಯರು ಹವಾಲ್ದಾರ ಮಾಳಿಂಗಪ್ಪನನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಇಮಾಮಸಾಬನ ಬಳಿ ಹೋದರು. ಆ ಗಾಡಿಯ ಎಂಜಿನ್ನು ಎರಡು ಪುಲ್ಲಿಗಳ ಮೇಲೆ ಸುತ್ತಿದ ರಬ್ಬರ್ ಪಟ್ಟಾದಿಂದ, ಅಂದರೆ ಬೆಲ್ಟಿನಿಂದ, ಚಕ್ರ ತಿರುಗಿಸುತ್ತಿತ್ತು. ಹಿಂದಿನ ಶ್ರಾವಣದಲ್ಲಿ ಸೈದಪ್ಪ ಒಂದು ಎತ್ತಿನ ಗಾಡಿಗೆ ಗುದ್ದಿ ಬಿದ್ದಾಗ ಇಮಾಮಸಾಬನೇ ಅದನ್ನು ರಿಪೇರಿ ಮಾಡಿದ್ದ.

"ದೊಡ್ಡ ಪುಲ್ಲಿ ಅಂಚು ಒಡೆದಿತ್ರಿ. ಸೊಲ್ಲಾಪುರದಿಂದ ಹೊಸದು ಬರೋತನಕ ನಡೀಲಿ ಅಂತ ಹಿತ್ತಾಳಿ ಬೆಸುಗಿ ಹಾಕಿ, ಅರದಿಂದ ತಿಕ್ಕಿ, ಎರಡೂ ಪುಲ್ಲಿ ಒಂದೇ ಸಾಲಿಗೆ ಕೂಡಿಸಿದೆ. ಪಟ್ಟಾ ಒಣ ಅರಿವೀಲೆ ಒರಸು, ಎಣ್ಣಿ ಮುಟ್ಟಸಬ್ಯಾಡ, ಸಡಿಲ ಆತೇನು ನೋಡಕೋತ ಇರು ಅಂದಿದ್ದೆ."

"ಸಪ್ಪಳ?"

"ಅದು ಹೋಗಲಿಲ್ಲರಿ. ಬೆಸುಗಿ ಮ್ಯಾಲ ಹಾಯ್ದಾಗೊಮ್ಮೆ ಪಟ್ಟಾ ಅಳತಿತ್ತು, ಸಣ್ಣ ಕೂಸಿನಂಗ."

ಆ ಮಧ್ಯಾಹ್ನ ಇಬ್ಬರೂ ಸರಸಂಬಾದಲ್ಲಿ ಹಣಮವ್ವನ ಕಟ್ಟೆಯ ಮೇಲೆ ಕೂತರು. ಗಾಳಿ ಬೀಸಿತು, ಧೂಳು ಹಾರಿತು, ಬೇರೇನೂ ಕೇಳಲಿಲ್ಲ. ಮರುದಿನ ಮತ್ತೆ ಕೂತರು. ಊಟದ ಹೊತ್ತು ಕಳೆದ ಮೇಲೆ ಗಾಳಿ ಒಮ್ಮೆಲೇ ಬಿದ್ದುಹೋಯಿತು. ಬೇವಿನ ಎಲೆ ಅಲುಗಲಿಲ್ಲ. ಎದುರು ಮನೆಯ ಮುದುಕಿ ಎದ್ದು ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಮಲಗಿದ್ದ ನಾಯಿ ತಲೆ ಎತ್ತಿತು.

ಆಗ ಕೇಳಿಸಿತು. ಬಹಳ ದೂರದಲ್ಲಿ ಎಂಜಿನ್ನಿನ ಗುರುಗುಟ್ಟುವಿಕೆ. ಅದರ ಮೇಲೆ ಎಳೆ ಕೂಸೊಂದು ಬಿಡದೆ ಅತ್ತಂಥ ಕೀಚು ದನಿ. ಬಿಸಿಲಿನಲ್ಲಿ ಅದು ಹತ್ತಿರ ಬರುತ್ತಿರುವಂತೆ ಅನ್ನಿಸುತ್ತಿತ್ತು. ಮಾಳಿಂಗಪ್ಪ ಲಾಠಿ ಹಿಡಿದು ರಸ್ತೆಗೆ ಓಡಿದ. ಕಣ್ಣು ಹಾಯುವಷ್ಟು ದೂರ ರಸ್ತೆ ಖಾಲಿ ಇತ್ತು. ಸ್ವಲ್ಪ ಹೊತ್ತಿಗೆ ಬೇವು ಅಲುಗಿತು; ದನಿ ನಿಂತಿತು.

"ಸಾಹೇಬ್ರ, ಇದು ನಮ್ಮ ಕೆಲಸ ಅಲ್ಲರಿ," ಎಂದ ಮಾಳಿಂಗಪ್ಪ.

ದೌಲತರಾಯರು ಬೇವಿನ ಗಿಡವನ್ನೇ ನೋಡುತ್ತಿದ್ದರು. "ಮಾಳಿಂಗಪ್ಪ, ಜೋಳದ ರಾಶಿ ಟೈಮಿನಾಗ ಗಾಳಿ ಬಿದ್ದರ ಯಾರಿಗೆ ತ್ರಾಸು?"

"ತೂರೂ ಮಂದೀಗಿರಿ."

"ಗಾಳಿ ಬಿದ್ದಾಗ ಯಾರರೆ ಫ್ಯಾನ್ ಹಚ್ಚಿ ತೂರತಾರೇನು ನೋಡೋಣ ನಡಿ."

ಸಾಲು ಸಾಲು ಕಣಗಳಲ್ಲಿ ಜನ ಮೊರ ಹಿಡಿದು ಗಾಳಿಗಾಗಿ ಕಾಯುತ್ತಿದ್ದರು. ಗಾಳಿ ಮತ್ತೆ ಬಿತ್ತು. ದನಿ ಎದ್ದಿತು. ಅದರ ಬೆನ್ನು ಹತ್ತಿ ಇಬ್ಬರೂ ಕಡೆಯ ಹೊಲ ಮುಟ್ಟಿದರು. ಅದು ಊರು ಬಿಟ್ಟು ಹೊಲದಲ್ಲೇ ಮನೆ ಮಾಡಿಕೊಂಡಿದ್ದ ಚಂದ್ರಾಮಪ್ಪನ ಹೊಲ. ಶ್ರಾವಣದಲ್ಲಿ ಸೈದಪ್ಪ ಗುದ್ದಿದ್ದು ಇವನ ಎತ್ತಿನ ಗಾಡಿಗೇ; ಯಾರಿಗೂ ಪೆಟ್ಟಾಗಿಲ್ಲವೆಂದು ರಾಜಿಯಾಗಿತ್ತು.

ಕಣದ ನಡುವೆ ಮರದ ಚೌಕಟ್ಟಿಗೆ ಕಟ್ಟಿದ ಫ್ಯಾನು ಸಣ್ಣ ಎಂಜಿನ್ನೊಂದರ ಪಟ್ಟಾದಿಂದ ಜೋರಾಗಿ ತಿರುಗುತ್ತಿತ್ತು. ಅದರ ಮುಂದೆ ಜೋಳವಿರಲಿಲ್ಲ, ಹೊಟ್ಟೂ ಇರಲಿಲ್ಲ. ಗುಡಿಸಿದ ನೆಲದ ಮೇಲೆ ಬರೀ ಗಾಳಿ ಬೀಸುತ್ತಿತ್ತು. ಎದುರಿಗೆ ಚಂದ್ರಾಮಪ್ಪನ ಹೆಂಡತಿ ಕಾಶಿಬಾಯಿ ಕಾಲು ಚಾಚಿ, ತೊಡೆಯನ್ನು ಮೆಲ್ಲಗೆ ಅಲುಗಿಸುತ್ತ ಕೂತಿದ್ದಳು. ಕುಪ್ಪಸದ ಮುಂಭಾಗ ತೊಯ್ದಿತ್ತು. ದೌಲತರಾಯರು ಮುಖ ತಿರುಗಿಸಿದರು.

"ಬಂದ್ ಮಾಡು," ಎಂದರು ಚಂದ್ರಾಮಪ್ಪನಿಗೆ.

ಅವನು ಹೆಂಡತಿಯನ್ನು ನೋಡಿದ. "ಇನ್ನೊಂದಿಷ್ಟು ತಿರಗಲಿರಿ. ಈಗ ಕುಂತಾಳ."

ಮಾಳಿಂಗಪ್ಪ ಎಂಜಿನ್ ನಿಲ್ಲಿಸಿದ. ಫ್ಯಾನಿನ ಪುಲ್ಲಿಯ ಅಂಚಿನಲ್ಲಿ ಹೆಬ್ಬೆರಳಿನಷ್ಟು ಹಿತ್ತಾಳೆ ಹೊಳೆಯಿತು. ಕಾಶಿಬಾಯಿಯ ತೊಡೆ ಅಲುಗುವುದು ನಿಂತಿತು.

"ಸೈದಪ್ಪ ಎಲ್ಲಿ?"

ಚಂದ್ರಾಮಪ್ಪ ಹೊಲದಂಚಿನ ಹಾಳುಬಾವಿಯ ಕಡೆ ಕೈ ತೋರಿಸಿದ.

ಇಮಾಮಸಾಬ ಬಂದು ಪುಲ್ಲಿಯನ್ನು ಗುರುತಿಸಿದ. ಪಂಚರ ಎದುರು ಪಂಚನಾಮೆ ಆಯಿತು. ಬಾವಿಯಲ್ಲಿ ಜೋಳದ ಒಣ ಕಣಿಕೆಯ ಕೆಳಗೆ ಶವ, ಖಣದ ಗಂಟು, ಮೊಪೆಡ್ಡಿನ ಚೌಕಟ್ಟು ಸಿಕ್ಕವು. ಕೊಲೆಯ ಎಫ್ಐಆರ್ ದಾಖಲಿಸಿ ಸಂಜೆಯೇ ಚಂದ್ರಾಮಪ್ಪನನ್ನು ಬಂಧಿಸಿದರು. ಅವನು ಏನನ್ನೂ ಮುಚ್ಚಿಡಲಿಲ್ಲ.

"ಅವ ಗುದ್ದಿದ ದಿನ ನನ್ನ ಎತ್ತಿನ ಗಾಡ್ಯಾಗ ನನ್ನ ಹೇಣ್ತಿನೂ ಇದ್ಲರಿ, ಏಳು ತಿಂಗಳ ಬಸರಿ. ಕೆಳಗ ಬಿದ್ದು ಎದ್ದು ಕುಂತ್ಲು. ಏನೂ ಆಗಿಲ್ಲ ಅಂತ ನಾನೇ ಅಂದೆ. ಮೂರನೇ ದಿನ ಕೂಸು ಸತ್ತು ಹುಟ್ಟಿತು. ಆಮ್ಯಾಲ ಅವ ಸಂತಿಗೆ ಹೋಗಾಕ ಬರಾಕ ನಮ್ಮ ಹೊಲದ ಬದುವಿಗೇ ಹಾಯತಿದ್ದ. ಆ ಸಪ್ಪಳ ಕೇಳಿದರ ಸಾಕು, ಆಕೀಗಿ ಹಾಲು ಇಳೀತಿತ್ತು. ಅವ ನಕ್ಕೋತ ನನಗ ಕೈ ಎತ್ತಿ ಶರಣು ಅಂತಿದ್ದ."

"ಕೂಸು ಸತ್ತಿದ್ದು ಅವನಿಗೆ ಹೇಳಬೇಕಿತ್ತಲ್ಲ?"

"ಹ್ಯಾಂಗ ಹೇಳೂದ್ರಿ? ಈ ದಾರಿಗೆ ಬರಬ್ಯಾಡ ಅಂದೆ. ಪುಲ್ಲಿ ಮುಂದಿನ ತಿಂಗಳ ಬರತದ, ಸಪ್ಪಳ ಹೋಗತದ ಅಂದ. ಕೈಯಾಗ ಸಲಿಕಿ ಇತ್ರಿ."

"ಮತ್ತ ಆ ಪುಲ್ಲಿನೇ ಯಾಕ ಹಚ್ಚಿದಿ?"

"ಸಪ್ಪಳ ನಿಂತ ಮ್ಯಾಲ ಆಕಿ ಕೂಳು ಬಿಟ್ಲರಿ. ಬದುವಿಗೆ ಹೋಗಿ ಹಾದಿ ನೋಡಾಕ ಹತ್ತಿದಳು. ನನ್ನ ಕೂಸು ಯಾಕ ಅಳವಲ್ಲದು ಅಂತ ಕೇಳತಿದ್ಲು. ಗಾಳಿ ಬಿದ್ದಾಗ ಫ್ಯಾನಿಗೆ ಹಚ್ಚಿದರ ತೂರಾಕ ಅಂತ ಮಂದಿ ತಿಳೀತಾರ ಅಂದು, ಬಾವ್ಯಾಗ ಇಳದು ಎಂಜಿನ್ನು, ಪುಲ್ಲಿ, ಪಟ್ಟಾ ಬಿಚ್ಚಿ ತಂದೆ."

ಕಾಶಿಬಾಯಿಯನ್ನು ಜೇವರ್ಗಿಯಿಂದ ಬಂದ ಅವಳ ಅಣ್ಣ ಕರೆದೊಯ್ದ.

ಶವ ಒಪ್ಪಿಸುವಾಗ ದೌಲತರಾಯರು ಹಣಮವ್ವನಿಗೆ ಎಲ್ಲವನ್ನೂ ಹೇಳಿದರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು.

"ಕೂಸು ಹೋಗಿದ್ದು ನಮಗ ಯಾರೂ ಹೇಳಲೇ ಇಲ್ಲರಿ," ಎಂದಳು. "ಹೇಳಿದ್ರ ಅವ ಗಾಡಿ ಹೆಗಲ ಮ್ಯಾಲ ಹೊತಗೊಂಡು ಆ ಬದು ದಾಟತಿದ್ದರಿ."