ಮಳೆಗೆ ಬಿಟ್ಟ ಕಡಲೆ

ಹೊಗೆ ಕಂಡೊಡನೆ ಯಶೋದಾ ಕೈಲಿದ್ದ ಬುತ್ತಿ ಬದುವಿನ ಮೇಲಿಟ್ಟು ಓಡಿದಳು.

ಸೂರ್ಯ ಇನ್ನೂ ಹುಟ್ಟಿರಲಿಲ್ಲ. ದುಬಲಗುಂಡಿಯ ಹೊಲಗಳ ಮೇಲೆ ಇಬ್ಬನಿ ದಟ್ಟವಾಗಿ ಕೂತಿತ್ತು. ಅದರೊಳಗಿಂದ ಬೂದುಬಣ್ಣದ ಹೊಗೆ ಎದ್ದು ನೇರ ಅವಳ ತೊಗರಿಯ ಮೇಲೆ ಹರಿಯುತ್ತಿತ್ತು. ಪಕ್ಕದ ಹೊಲದ ಮಚ್ಚೇಂದ್ರ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಹಸಿಕಸದ ಗುಡ್ಡೆಗೆ ಊದುತ್ತಿದ್ದ.

"ಏನು ಮಾಡಾಕತ್ತೀರಿ? ನಮ್ಮ ಹೊಲಕ್ಕ ಬೆಂಕಿ ಇಡ್ತೀರೇನು?"

ಅವನು ತಲೆಯೆತ್ತಿದ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಮೀಸೆಯ ತುಂಬ ಬೂದಿ.

"ಬೆಂಕಿ ಅಲ್ರಿ, ಬರೇ ಹೊಗಿ. ಥಂಡಿಗೆ ತೊಗರಿ ಹೂವು ಉದುರಾಕತ್ತಾವ. ಹೊಗಿ ಹರದ್ರ ಇಬ್ಬನಿ ಕೂಡಂಗಿಲ್ಲ."

"ಹಂಗಾದ್ರ ನಿಮ್ಮ ಹೊಲಕ್ಕ ಹಾಕ್ಕೋರಿ. ಇದೆಲ್ಲ ನಮ್ಮ ಕಡಿ ಹೊಂಟದ."

"ನಮ್ಮದಕ್ಕ ಆಗಲೇ ಹಾಕಿ ಬಂದೀನ್ರಿ. ಇದು ನಿಮ್ಮದಕ್ಕೇ."

"ಯಾರು ಹೇಳಿದ್ರು ಹಾಕು ಅಂತ?"

"ಯಾರೂ ಹೇಳಲಿಲ್ಲ. ಹೇಳಿಸಿಕೊಂಡು ಮಾಡಾಕ ಇದೇನು ಸರ್ಕಾರದ ಬಿಟ್ಟಿ ಬಿಗಾರಿ ಏನ್ರಿ?"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆ ಕಡೆ ತಿರುಗಿದಳು. ಹೊಗೆಗೆ ಕೆಮ್ಮು ಬಂತೆಂದು ಅವನು ತಿಳಿಯಲಿ ಎಂದುಕೊಂಡಳು. ಆದರೆ ಭುಜ ಕುಲುಕಿದ್ದನ್ನು ಅವನು ನೋಡಿಬಿಟ್ಟಿದ್ದ.

ಯಶೋದಾ ನಕ್ಕು ಎರಡು ವರ್ಷವಾಗಿತ್ತು.

ಅದು ನಿಜಾಮರ ಕಾಲ, ಮೂವತ್ತರ ದಶಕದ ಕೊನೆ. ಎರಡು ವರ್ಷದ ಹಿಂದೆ ಇಂಥದೇ ಚಳಿಗಾಲದಲ್ಲಿ, ಕೊಯ್ದು ಹಾಕಿದ ಬಿಳಿಜೋಳದ ಮೇಲೆ ಅಕಾಲದ ಮಳೆ ಬಿದ್ದಿತ್ತು. ಅವಳ ಗಂಡ ಬಸವಣಪ್ಪ ಇಡೀ ಹಗಲು ಆ ಮಳೆಯಲ್ಲಿ ನಿಂತು ತೆನೆ ಮುಚ್ಚಿದ. "ವರ್ಷದ ಕೂಳು, ಬಿಡಾಕ ಆಗ್ತದೇನು?" ಎಂದಿದ್ದ. ಎದೆಗೆ ಥಂಡಿ ಹತ್ತಿತು, ಜ್ವರ ಇಳಿಯಲೇ ಇಲ್ಲ. ಜೋಳ ಉಳಿಯಿತು. ಬಸವಣಪ್ಪ ಉಳಿಯಲಿಲ್ಲ. ಆ ಜೋಳದ ರೊಟ್ಟಿಯನ್ನೇ ಅತ್ತೆ ಸೊಸೆ ವರ್ಷವಿಡೀ ತಿಂದರು. ತವರಿಗೆ ಬಾ ಎಂದು ಅಣ್ಣ ಕರೆಯಲು ಬಂದಾಗ, ಅತ್ತೆ ಪಾರ್ವತಿಬಾಯಿಯ ಮುಖ ನೋಡಿ ಯಶೋದಾ ಹೋಗಲಿಲ್ಲ.

ಹೊಗೆಯ ದಿನದಿಂದ ಇಬ್ಬರೂ ಮಾತಾಡತೊಡಗಿದರು. ಮಾತು ದನದ್ದು, ಬೆಳೆಯದ್ದು, ಗಾಳಿಯದ್ದು. ಆದರೆ ಮಾತು ಮುಗಿದ ಮೇಲೂ ಇಬ್ಬರಲ್ಲೊಬ್ಬರು ಬದುವಿನ ಹತ್ತಿರವೇ ಏನೋ ಕೆಲಸ ಹುಡುಕಿಕೊಳ್ಳುತ್ತಿದ್ದರು.

ಎಳ್ಳಮಾಸಿ ಹಬ್ಬಕ್ಕೆ ಊರೆಲ್ಲ ಹೊಲಕ್ಕೆ ಬಂದು ಭೂತಾಯಿಗೆ ಚರಗದ ಎಡೆ ಚೆಲ್ಲಿತು. ತಾಯಿ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಮಚ್ಚೇಂದ್ರ ತನ್ನ ಬೇವಿನ ಗಿಡದ ಕೆಳಗೆ ಸುಮ್ಮನೆ ಕೂತಿದ್ದ. ಪಾರ್ವತಿಬಾಯಿಯೇ ಕೂಗಿ ಕರೆದಳು. ಯಶೋದಾ ಅವನ ರೊಟ್ಟಿಯ ಮೇಲೆ ಭಜ್ಜಿಪಲ್ಯ ಬಡಿಸಿದಳು.

"ಉಪ್ಪು ಹೆಚ್ಚಾಗ್ಯಾದೇನ್ರಿ?"

"ಸ್ವಲ್ಪ ಕಮ್ಮಿ ಅದ," ಎಂದ.

ಅವಳು ಉಪ್ಪು ತಂದಳು. ಅವನು ಮುಟ್ಟಲಿಲ್ಲ. "ಈಗ ಸರಿ ಆಯ್ತು," ಎಂದು ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅವಳ ಕೈಲಿದ್ದ ಉಪ್ಪು ಅರ್ಧ ನೆಲಕ್ಕೆ ಚೆಲ್ಲಿತು.

ಆಮೇಲೆ ಚಳಿ ವಿಪರೀತವಾಯಿತು. ಉತ್ತರದ ಗಾಳಿ ಬೀಸಿದ ಕಡೆ ಜೋಳದ ಎಲೆ ಕೆಂಪಗಾಗಿ ಸುತ್ತಿಕೊಂಡಿತು. ಕಲ್ಯಾಣಿ ಊರಿಗೆ ಹೋಗುವ ದಾರಿಯಲ್ಲಿ ಬೀಡುಬಿಟ್ಟ ಕುರಿಹಿಂಡಿನಲ್ಲಿ ಬೆಳಗಾದರೆ ನಾಲ್ಕಾರು ಮರಿಗಳು ಸೆಟೆದು ಬಿದ್ದಿರುತ್ತಿದ್ದವು. ಎಮ್ಮೆಗಳು ಹಾಲು ಕಡಿಮೆ ಮಾಡಿದವು. ಊರಿನ ಕೊಟ್ಟಿಗೆಗಳಲ್ಲೆಲ್ಲ ಕರುಗಳ ಕೆಮ್ಮು. ಯಶೋದಾಳ ಎಮ್ಮೆ ತುಂಬು ಗಬ್ಬ. ಮಚ್ಚೇಂದ್ರ ಗೋಣಿತಟ್ಟುಗಳನ್ನು ಸೇರಿಸಿ ಹೊಲಿದು ತಂದು ಅದರ ಬೆನ್ನಿಗೆ ಹೊದಿಸಿದ. ದಿನಾ ಬಂದು ಮುಟ್ಟಿ ನೋಡಿ ಹೋಗುತ್ತಿದ್ದ.

"ಎಮ್ಮಿ ನೋಡಾಕ ಬರ್ತಾನೋ, ಎಮ್ಮಿ ಒಡತಿ ನೋಡಾಕೋ?" ಎಂದು ಬಾವಿಕಟ್ಟೆಯಲ್ಲಿ ಹೆಂಗಸರು ನಕ್ಕರು.

ಯಶೋದಾಗೆ ಊರಿನ ಮಾತಿಗಿಂತ ತನ್ನ ಮನಸ್ಸಿನದೇ ಹೆದರಿಕೆ. ಆ ಚಳಿಯಲ್ಲಿ ಅವನು ಬರಿ ಅಂಗಿಯಲ್ಲಿ ಹೊಲಕ್ಕೆ ಹೋಗುವುದನ್ನು ಕಂಡರೆ ಅವಳಿಗೆ ಬಸವಣಪ್ಪ ನೆನಪಾಗುತ್ತಿದ್ದ. ಒಂದು ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ತಡೆದಳು.

"ನಾಳಿಂದ ಬರಬ್ಯಾಡ್ರಿ."

"ಊರು ಹೇಳಾಕತ್ತದೋ, ನೀವು ಹೇಳಾಕತ್ತೀರೋ?"

"ನಾನೇ. ನೀವೂ ಅವರಂಗೇ. ಹೊಲ ಅಂದ್ರ ಜೀವದ ಹಂಗಿಲ್ಲ. ಇನ್ನೊಮ್ಮಿ ಕಾಯ್ಕೋಂತ ಕೂಡೋ ಶಕ್ತಿ ನನಗಿಲ್ಲ."

"ಎಮ್ಮಿ ಇವತ್ತೋ ನಾಳೆಯೋ ಈಯ್ತದ. ಬೆಚ್ಚಗಿಡ್ರಿ," ಎಂದು ಹೊರಟುಹೋದ. ಮರುದಿನ ಬರಲಿಲ್ಲ.

ಮಳೆ ಬಂದದ್ದು ಆ ಮರುದಿನವೇ, ಮಾಘದ ಮಟಮಟ ಮಧ್ಯಾಹ್ನ. ಊರಿನವರೆಲ್ಲ ಕಡಲೆ ಕಿತ್ತು ಹೊಲದಲ್ಲೇ ಒಟ್ಟಿದ್ದರು. ಮೊದಲು ಆಣೆಕಲ್ಲು, ಹಿಂದೆಯೇ ಸುರಿಮಳೆ. ಬಿಸಿಲಿಗೆಂದು ಯಶೋದಾ ಹೊಲದ ಬದುವಿನಲ್ಲಿ ಕಟ್ಟಿದ್ದ ಎಮ್ಮೆ ಅಲ್ಲೇ ಈದುಬಿಟ್ಟಿತ್ತು. ಅವಳು ಓಡಿಬಂದಾಗ ಕರು ಕೆಸರಲ್ಲಿ ಬಿದ್ದು ನಡುಗುತ್ತಿತ್ತು. ಎತ್ತಲು ನೋಡಿದಳು. ಜಾರುವ ಮೈ, ಅವಳಿಂದ ಆಗಲಿಲ್ಲ.

ಬದುವಿನಾಚೆ ಮಚ್ಚೇಂದ್ರ ಒಬ್ಬನೇ ಕಡಲೆಯ ಬಣವೆಯ ಮೇಲೆ ತಟ್ಟು ಹಾಸಿ ಹಗ್ಗ ಬಿಗಿಯುತ್ತಿದ್ದ. ಗಾಳಿ ಒಂದು ಮೂಲೆ ಕಿತ್ತರೆ ಅದನ್ನು ಹಿಡಿಯುವಷ್ಟರಲ್ಲಿ ಇನ್ನೊಂದು ಹಾರುತ್ತಿತ್ತು. ಅವನ ತುಟಿ ನೀಲಿಗಟ್ಟಿತ್ತು.

"ಬಿಡ್ರಿ ಅದನ್ನ!" ಯಶೋದಾ ಕೂಗಿದಳು. "ಮನಿಗಿ ನಡೀರಿ!"

"ವರ್ಷದ ಕೂಳು, ಯಶೋದಾ! ಬಿಡಾಕ ಆಗ್ತದೇನು?"

ಅವಳು ಮಳೆಯಲ್ಲೇ ನಿಂತಳು. ದನಿ ಏರಲಿಲ್ಲ, ಆದರೂ ಅವನಿಗೆ ಕೇಳಿಸಿತು. "ಅವರೂ ಹಿಂಗೇ ಅಂದಿದ್ರು."

ಮಚ್ಚೇಂದ್ರನ ಕೈ ಹಗ್ಗದ ಮೇಲೆ ನಿಂತುಹೋಯಿತು. ಅವನು ಬಣವೆಯನ್ನು ನೋಡಿದ. ಬಿತ್ತಿದ್ದು, ಹುಳ ಆರಿಸಿದ್ದು, ಕಿತ್ತದ್ದು ಎಲ್ಲ ಅವನೊಬ್ಬನೇ. ಆಮೇಲೆ ಅವಳನ್ನು ನೋಡಿದ. ಹಗ್ಗ ಬಿಟ್ಟ. ಬಣವೆಗೆ ತಾನೇ ಹೊದಿಸಿದ್ದ ತಟ್ಟನ್ನು ಎಳೆದು ತೆಗೆದು, ಬದು ದಾಟಿ ಬಂದು ಕರುವಿಗೆ ಸುತ್ತಿ ಹೆಗಲಿಗೇರಿಸಿದ. ಹಿಂದೆ ಕಡಲೆಯ ಮೇಲೆ ಮಳೆ ನೇರ ಬೀಳುತ್ತಿತ್ತು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ. ನೋಡಿದ್ದು ಯಶೋದಾ, ನೋಡಿ ಅತ್ತಳು.

ಕರು ಬದುಕಿತು. ಮಚ್ಚೇಂದ್ರನಿಗೆ ಮಾತ್ರ ಅಷ್ಟರಲ್ಲೇ ಥಂಡಿ ಹತ್ತಿತ್ತು. ಮರುದಿನ ಸುದ್ದಿ ಬಂತು, ಜ್ವರದಲ್ಲಿ ಒಬ್ಬನೇ ಬಿದ್ದಿದ್ದಾನೆ, ಉಸಿರಾಡಲು ಕಷ್ಟಪಡುತ್ತಿದ್ದಾನೆ ಎಂದು.

ಯಶೋದಾ ಹೊಸ್ತಿಲವರೆಗೆ ಹೋದಳು, ಹಿಂದೆ ಬಂದಳು, ಮತ್ತೆ ಹೋದಳು. ಗಂಡ ಸತ್ತವಳು, ಹೆಣ್ಣು ದಿಕ್ಕಿಲ್ಲದ ಗಂಡಸಿನ ಮನೆಗೆ ಹೋಗುವುದು ಹೇಗೆ? ಒಲೆಯ ಮುಂದಿದ್ದ ಪಾರ್ವತಿಬಾಯಿ ಎದ್ದು ಕಂಬಳಿ ಕೈಗೆತ್ತಿಕೊಂಡಳು.

"ಶಗಡಿಯೊಳಗ ಕೆಂಡ ತುಂಬ್ಕೋ. ನಾ ಮುಂದ ನಡೀತೀನಿ, ನೀ ಹಿಂದ ಬಾ."

"ಅತ್ತಿ, ಊರು..."

"ನನ್ನ ಮಗ ಹೋಗೋದು ಊರು ನೋಡ್ಕೋಂತ ನಿಂತಿತ್ತು. ಇವನೂ ಹೋಗೋದು ನಾ ನೋಡಬೇಕೇನು? ನಡಿ."

ಹಾಡುಹಗಲು ಊರಿನ ನಡುಬೀದಿಯಲ್ಲಿ ಇಬ್ಬರು ವಿಧವೆಯರು ನಡೆದುಹೋದರು. ಕಟ್ಟೆಯ ಮೇಲಿನ ಮಾತು ನಿಂತಿತು. ಹುಮನಾಬಾದಿನಿಂದ ಹಕೀಮ ಅಜೀಮುದ್ದೀನರು ಬಂಡಿಯಲ್ಲಿ ಬಂದು ಕಷಾಯ ಕೊಟ್ಟು, ಎದೆಗೆ ಕಾವು ಕೊಡಿರೆಂದು ಹೇಳಿ, "ಇನ್ನು ಅಲ್ಲಾಹನ ಕೈಯಾಗ ಅದ," ಎಂದು ಹೋದರು. ಯಶೋದಾ ಬಟ್ಟೆ ಕಾಯಿಸಿ ಕಾಯಿಸಿ ಅವನ ಎದೆಗೆ ಒತ್ತಿದಳು. ಹಿಂದೊಮ್ಮೆ ಹೀಗೇ ಒತ್ತಿದ್ದಳು. ಅವಳು ದಣಿದಾಗ ಪಾರ್ವತಿಬಾಯಿ ಬಟ್ಟೆ ಇಸಿದುಕೊಳ್ಳುತ್ತಿದ್ದಳು.

ಜ್ವರ ಒಂದು ಬೆಳಗ್ಗೆ ಬೆವರಾಗಿ ಇಳಿಯಿತು. ಕಣ್ಣು ಬಿಟ್ಟವನು ಮೊದಲು ಅವಳನ್ನು ನೋಡಿದ, ಆಮೇಲೆ ಕೇಳಿದ.

"ಕಡ್ಲಿ?"

"ಬಣವ್ಯಾಗೇ ಮೊಳಕಿ ಒಡದಾವ. ದನಕ್ಕಷ್ಟೇ ಬರ್ತದ."

"ಹಂಗಾದ್ರ ಈ ವರ್ಷ ನಾ ಏನು ಉಣ್ಣಲಿ?"

"ನಮ್ಮ ಮನ್ಯಾಗ ಇದ್ದದ್ದು."

"ನಿಮ್ಮ ಮನಿ ರೊಟ್ಟಿ ನಾ ಏನಾಗಿ ಉಣ್ಣಲ್ರಿ?"

ಯಶೋದಾ ಬೆವರು ಒರೆಸಿದ ಬಟ್ಟೆ ಹಿಂಡುತ್ತಿದ್ದಳು. ಮುಖ ಎತ್ತಲಿಲ್ಲ. "ಗಂಡ ಆಗಿ."

ಅವನಿಗೆ ನಗು ಬಂತು, ನಗುವಿಗೆ ಕೆಮ್ಮು ಬಂತು, ಅವಳು ಎದೆ ನೀವಿದಳು. ಕೆಮ್ಮು ನಿಂತ ಮೇಲೂ ಅವಳ ಕೈ ಅವನ ಎದೆಯ ಮೇಲೇ ಇತ್ತು.

"ಆವತ್ತ ಹೊಗಿ ಹಾಕಿದಾಗೇ ಹೇಳಬೇಕಂತಿದ್ದೆ," ಎಂದ. "ಬೈದುಬಿಟ್ಟಿ ನೀ."

"ಈಗ ಹೇಳ್ರಿ."

"ಈಗೇನು ಹೇಳಲಿ? ಕಡ್ಲಿ ಹೇಳಲಿಲ್ಲೇನು?"

ಅವರ ಕುಲದಲ್ಲಿ ಉಡಿಕಿ ಇತ್ತು. ಗಂಡ ಸತ್ತವಳು ಮತ್ತೆ ಮದುವೆಯಾಗಬಹುದಿತ್ತು. ಆದರೆ ವಾದ್ಯವಿಲ್ಲದೆ, ಮುತ್ತೈದೆಯರಿಲ್ಲದೆ, ದೀಪ ಆರಿಸಿದ ಮೇಲೆ ಮುಗಿಸುವ ಕೆಲಸ ಅದು. ಅತ್ತೆ ಒಂಟಿಯಾಗಬಾರದೆಂದು ಯಶೋದಾ ಹಟ ಹಿಡಿದಳು. ಮಚ್ಚೇಂದ್ರನೇ ತನ್ನ ಎತ್ತುಗಳನ್ನು ಹೊಡೆದುಕೊಂಡು ಅವರ ಮನೆಗೆ ಬರುವುದೆಂದಾಯಿತು. ದಿನ ಗೊತ್ತುಮಾಡಲು ಕುಲದ ಹಿರಿಯ ಮಹಾರುದ್ರಪ್ಪ ಬಂದು ಕೂತ.

ಆ ವರ್ಷ ಊರಿನಲ್ಲಿ ಯಾರ ಮನೆಯಲ್ಲೂ ಗೆಲುವಿರಲಿಲ್ಲ. ಕಡಲೆ ಕೊಳೆತಿತ್ತು, ಅರ್ಧ ಕರುಗಳು ಸತ್ತಿದ್ದವು.

"ಊರು ದುಃಖದಾಗ ಅದ, ಪಾರ್ವತಿಬಾಯಿ," ಎಂದ ಮಹಾರುದ್ರಪ್ಪ. "ಅಮಾಸಿ ಕತ್ತಲ್ಯಾಗ, ಯಾರಿಗೂ ಕಾಣದಂಗ ಮುಗಿಸೋಣ."

"ಕತ್ತಲ್ಯಾಗ ಯಾಕ?" ಪಾರ್ವತಿಬಾಯಿ ಕೇಳಿದಳು. "ಕದ್ದ ಮಾಲೇನು ನನ್ನ ಮಗಳು? ಹಗಲಿಗೇ ಇಡ್ರಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ಯಶೋದಾಳ ಕೈ ನಿಂತಿತು. ಆ ಮನೆಗೆ ಬಂದಂದಿನಿಂದ ಅವಳು ಸೊಸೆಯಾಗಿದ್ದಳು. ಮಗಳೆಂದು ಅತ್ತೆಯ ಬಾಯಲ್ಲಿ ಕೇಳಿದ್ದು ಅದೇ ಮೊದಲು.