ಲಲಿತಾಬಾಯಿಯವರ ಅಭಿಪ್ರಾಯ

"ನಿಮ್ಮವ್ವಾರಿಗೆ ಕೊಡ್ರಿ," ಅಂತ ಸಿದ್ಧಲಿಂಗ ಆ ಕಾದಂಬರಿಯನ್ನು ನನ್ನ ಕೈಗಿಟ್ಟ. "ಕಡೀ ಅಧ್ಯಾಯ ಓದಿದ ಮ್ಯಾಲ ನನಗ ಊಟ ಸೇರಿಲ್ಲ ಅಂತ ಹೇಳ್ರಿ. ಅವರು ಏನಂತಾರ, ನೋಡಬೇಕು."

"ಹೇಳ್ತೀನ್ರಿ," ಅಂದೆ.

ನನ್ನವ್ವನಿಗೆ ಓದಲು ಬರುವುದಿಲ್ಲ.

ಸೇಡಂ ಸ್ಟೇಶನ್ನಿನ ತುದಿಯಲ್ಲಿ ಹಮೀದಾಬಿಯ ಚಹಾದ ಅಂಗಡಿ. ಅಲ್ಲೊಂದು ಬಟ್ಟೆ ಚೀಲ ತೂಗಾಡುತ್ತದೆ. ನಮ್ಮ ಓದುಗರ ಗುಂಪಿನ ಪುಸ್ತಕಗಳು ಆ ಚೀಲಕ್ಕೇ ಬರುತ್ತವೆ, ಅಲ್ಲಿಂದಲೇ ಹೋಗುತ್ತವೆ. ಸಿದ್ಧಲಿಂಗ ವಾಡಿಯವನು, ಗೂಡ್ಸ್ ಗಾಡಿಯ ಗಾರ್ಡ್. ಸಿಗ್ನಲ್ ಸಿಗದೆ ಗಾಡಿ ಸೇಡಂನಲ್ಲಿ ನಿಂತರೆ ಇಳಿದು ಬಂದು ಚಹಾ ಕುಡಿಯುತ್ತಾನೆ. ನಾನು ಆ ಹೊತ್ತಿಗೆ ಚೀಲ ನೋಡಲು ಹೋಗಿರುತ್ತೇನೆ. ಅವನ ಗಾಡಿ ಬರುವ ಸುದ್ದಿ ಲಲಿತಾಬಾಯಿಯವರಿಗೆ, ಅಂದರೆ ಅವ್ವನ ಹೆಸರಿಗೆ, ವಾಟ್ಸಾಪಿನಲ್ಲಿ ಮೊದಲೇ ಬಂದಿರುತ್ತದಲ್ಲ.

ಅವನ ಕಣ್ಣು ಪುಸ್ತಕದ ಮೇಲೆ ಇರುತ್ತದೆ, ಹಳಿಯ ಮೇಲೆ ಇರುತ್ತದೆ, ಬಸಿಯಲ್ಲಿ ಆರುತ್ತಿರುವ ಚಹಾದ ಮೇಲೆ ಇರುತ್ತದೆ. ನನ್ನ ಮೇಲೆ ಬಂದರೂ ನಿಲ್ಲುವುದಿಲ್ಲ. ಪತ್ರ ಹಾಕಿದ ಮೇಲೆ ಅಂಚೆ ಡಬ್ಬಿಯನ್ನು ಯಾರು ತಿರುಗಿ ನೋಡುತ್ತಾರೆ?

ಅವನು ಹೋದ ಮೇಲೆ ಹಮೀದಾಬಿ ಗ್ಲಾಸು ತೊಳೆಯುತ್ತ ಅಂದಳು, "ಕ್ಯಾ ಬೇಟಿ, ಪುಸ್ತಕ ತೊಗೊಳ್ಳಾಕ ಇಷ್ಟು ಛಂದ ಹೆಳಲು ಹಾಕ್ಕೊಂಡು ಬರ್ತಾರೇನು?"

"ದಿನಾ ಹಿಂಗೇ ಹಾಕ್ಕೋತೀನಿ."

"ಹೌದೌದು. ಮಲ್ಲಿಗಿನೂ ದಿನಾ ಇರ್ತದ."

ನಾನು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಮನೆಗೆ ನಡೆದೆ. ಅದಕ್ಕೆ ಗಾಡಿಯ ಕಡೆಯಲ್ಲಿ ಅವನು ಕೂರುವ ಬ್ರೇಕ್ ವ್ಯಾನಿನ ವಾಸನೆ ಇತ್ತು, ಸಿಮೆಂಟಿನ ದೂಳು ಮತ್ತು ಡೀಸೆಲ್.

*

ಗುಂಪಿನ ಹೆಸರು 'ಐದೂರಿನ ಓದುಗರು'. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಕಟ್ಟಿದವರು ಚಿತ್ತಾಪುರದ ಮಾಣಿಕಪ್ಪ ಮಾಸ್ತರರು. ಪುಸ್ತಕ ಓದಿದವರು, ಸಿನಿಮಾ ನೋಡಿದವರು ಅಲ್ಲಿ ಅಭಿಪ್ರಾಯ ಬರೆಯಬೇಕು, ಬೇರೆಯವರಿಗೆ ಹೇಳಬೇಕಾದದ್ದು ಇದ್ದರೆ ಹೇಳಬೇಕು. ಶುಭೋದಯದ ಹೂವಿನ ಚಿತ್ರ ಹಾಕಿದವರಿಗೆ ಮಾಸ್ತರರು ಬೈಯುತ್ತಾರೆ.

ನನ್ನ ಮೊಬೈಲಿನ ಸಿಮ್ಮು ಅವ್ವನ ಹೆಸರಿನದು. ಅಪ್ಪ ಅವ್ವನಿಗೆಂದೇ ಕೊಂಡು ತಂದಿದ್ದರು. ನಾನೇ ಅದರಲ್ಲಿ 'ಲಲಿತಾಬಾಯಿ' ಅಂತ ಹೆಸರು ಹಾಕಿ, ಇಳಕಲ್ ಸೀರೆ ಉಟ್ಟ ಅವ್ವನ ಫೋಟೋ ಇಟ್ಟೆ. ಎಂಟು ದಿನಕ್ಕೆ ಅವ್ವ, "ಇದರ ಕಿರಿಕಿರಿ ನನಗ ಬ್ಯಾಡವಾ, ನೀನೇ ಇಟ್ಕೋ," ಅಂದಳು. ಹೆಸರು, ಫೋಟೋ ಹಾಗೇ ಉಳಿದವು.

ನಾನು ಬರೆಯುವುದು ಪುಸ್ತಕದ ಕನ್ನಡ. ಓದಿದ ಮಾಸ್ತರರು, "ಲಲಿತಾಬಾಯಿಯವರು ನಿವೃತ್ತ ಶಿಕ್ಷಕಿ ಇರಬೇಕು," ಅಂದರು. ಅಲ್ಲ ಅನ್ನುವ ಧೈರ್ಯವಾಗದೆ ಕೈಮುಗಿದ ಚಿತ್ರ ಕಳಿಸಿದೆ. ಅಂದಿನಿಂದ ಐದೂರಿಗೂ ನಾನು ಅವ್ವಾರು. ಆ ಸೆರಗಿನ ಹಿಂದೆ ನಿಂತು ಮಾತಾಡುವುದು ನನಗೆ ಬೆಚ್ಚಗೆನಿಸಿತು. ಮನೆಗೆ ಯಾರಾದರೂ ಬಂದರೆ ನೀರು ಕೊಟ್ಟು ಒಳಗೆ ಓಡುವವಳು ನಾನು.

ಸಿನಿಮಾದ ಅಭಿಪ್ರಾಯಗಳು ಮಾತ್ರ ಖರೇನೇ ಅವ್ವನವು. ಟಿವಿ ಮುಂದೆ ತೊಗರಿ ಹಸನು ಮಾಡುತ್ತ ಅವ್ವ ಅನ್ನುತ್ತಾಳೆ, "ಈಕಿ ಅಳೋಕಿಂತ ಮೊದಲ ಸೆರಗು ಸರಿ ಮಾಡ್ಕೊಂಡಳು ನೋಡು. ಖರೇ ದುಃಖ ಬಂದಾಕಿಗೆ ಸೆರಗಿನ ಪರವೆ ಇರ್ತದೇನು?" ನಾನು ಅದನ್ನು ತಿದ್ದಿ ಗುಂಪಿಗೆ ಹಾಕುತ್ತೇನೆ.

ಅದಕ್ಕೇ ಸಿದ್ಧಲಿಂಗ ಮೊದಲ ಸಲ ನನಗೊಬ್ಬಳಿಗೇ ಬರೆದದ್ದು. "ಶರಣಾರ್ಥಿ ಅವ್ವಾರ. ಸೆರಗಿನ ಮಾತು ಓದಿ ಒಬ್ಬನೇ ನಕ್ಕೆ. ಬ್ರೇಕ್ ವ್ಯಾನಿನಾಗ ನಕ್ರ ಕೇಳಾಕ ಯಾರೂ ಇರಂಗಿಲ್ಲ. ಇಡೀ ಗಾಡಿ ನನ್ನ ಮುಂದ, ಹಿಂದ ಬರೇ ಹಳಿ. ಓದ್ಲಿಲ್ಲಂದ್ರ ತಲಿ ಕೆಡ್ತದ."

ಆಮೇಲೆ ದಿನವೂ ಬರೆದ. ಯಾವ ಕಥೆ ಸುಳ್ಳು ಅನಿಸಿತು, ಯಾವ ಸಾಲಿಗೆ ಪುಸ್ತಕ ಮುಚ್ಚಿಟ್ಟು ಕುಳಿತ, ಎಲ್ಲ. ಸಣ್ಣವನಿದ್ದಾಗಲೇ ತಾಯಿ ತೀರಿಕೊಂಡದ್ದು, ಶಹಾಬಾದಿನಲ್ಲಿ ಸೋದರಮಾವ ಸಾಕಿದ್ದು. "ಅವ್ವನ ಮುಖ ನೆನಪಿಲ್ರಿ. ದನಿ ಅದ. ಆದ್ರ ಏನಂತಿದ್ಳು, ಅದು ಇಲ್ಲ." ಅದಕ್ಕೆ ಏನೇನೋ ಬರೆದು ಅಳಿಸಿ, ಕಡೆಗೆ ಬರೆದೆ: "ದನಿ ಉಳಿದಿದ್ದರೆ ಸಾಕು. ಮಾತುಗಳನ್ನು ನಾವು ಪುಸ್ತಕಗಳಲ್ಲಿ ಹುಡುಕಿಕೊಳ್ಳೋಣ." ಅವನಿಂದ ಬಂದದ್ದು ಒಂದೇ ಶಬ್ದ, "ಅವ್ವಾರ."

ಮೊಬೈಲ್ ಮುಚ್ಚಿಟ್ಟು ಮಾಳಿಗೆ ಹತ್ತಿದೆ. ದೂರದಲ್ಲಿ ಗೂಡ್ಸ್ ಗಾಡಿಯೊಂದು ಮಳಖೇಡದ ಕಡೆ ಹೊರಟಿತ್ತು. ಅದರ ಕಟ್ಟಕಡೆಯ ಡಬ್ಬಿ ಮರೆಯಾಗುವ ತನಕ ನಿಂತು ನೋಡಿದೆ. ಅದರಲ್ಲಿ ಅವನೇ ಇದ್ದನೋ ಇಲ್ಲವೋ. ಇದ್ದರೂ ಅವನಿಗೆ ಬೇಕಾದವರು ಅವ್ವಾರು. ನನ್ನ ಮಾತನ್ನು ಅವನು ಇಷ್ಟು ಪ್ರೀತಿಸುತ್ತಿದ್ದ, ನನ್ನನ್ನು ಬಿಟ್ಟು.

*

ಸುಗ್ಗಿ ಮುಗಿಯುವ ಹೊತ್ತಿಗೆ ಆ ಸಂದೇಶ ಬಂತು.

"ಅವ್ವಾರ, ಚಿಂಚೋಳಿಯಿಂದ ಸಂಬಂಧ ಬಂದದ. ಹುಡುಗಿ ಬಿ.ಎಡ್ ಮಾಡ್ಯಾಳ, ಮನಿತನ ಛಲೋ ಅದ. ಪುಸ್ತಕ ಗಿಸ್ತಕ ಓದಂಗಿಲ್ಲಂತ. ನನ್ನ ಮನಸ್ಸು ಹೂಂ ಅನ್ನವಲ್ದು, ಊಹೂಂ ಅಂತನೂ ಅನ್ನವಲ್ದು. ಕಾದಂಬರಿ ತೂಗಿದಂಗ ತೂಗಿ ಹೇಳ್ರಿ. ನೀವು ಹೋಗು ಅಂದ್ರ ಹೋಗ್ತೀನಿ."

ಬೇಡ ಅಂತ ಬರೆಯಬಹುದಿತ್ತು. ಆದರೆ ಹಿರಿಯರೊಬ್ಬರು ಕಾರಣವಿಲ್ಲದೆ ಬೇಡ ಅನ್ನುತ್ತಾರೆಯೇ? ಬರೆದೆ: "ಓದದವರೊಳಗೆ ಕಥೆ ಇಲ್ಲವೆಂದುಕೊಳ್ಳಬೇಡಿ. ಅಕ್ಷರ ಬಾರದ ಒಬ್ಬರು ನನ್ನ ಮನೆಯಲ್ಲೇ ಇದ್ದಾರೆ; ಮನುಷ್ಯರನ್ನು ಅವರಷ್ಟು ಚೆನ್ನಾಗಿ ಓದಬಲ್ಲವರನ್ನು ನಾನು ಕಂಡಿಲ್ಲ. ತೆರೆದ ಮನಸ್ಸಿನಿಂದ ಹೋಗಿ ನೋಡಿ ಬನ್ನಿ."

ನಾನು ಬರೆದವುಗಳಲ್ಲೆಲ್ಲ ಅದೇ ಒಳ್ಳೆಯದು.

ಕೂಡಲೇ ಉತ್ತರ ಬಂತು. "ದೊಡ್ಡ ಮಾತು ಹೇಳಿದ್ರಿ. ಇನ್ನೊಂದು ಕೇಳ್ತೀನಿ, ಬೈಬ್ಯಾಡ್ರಿ. ಹೆಣ್ಣು ನೋಡಾಕ ಹೋಗೋವಾಗ ಮನಿಯ ಹಿರೇ ಹೆಣ್ಮಗಳು ಒಬ್ರು ಬೇಕಲ್ರಿ. ನಮ್ಮ ಮನ್ಯಾಗ ಯಾರೂ ಇಲ್ಲ. ನೀವೇ ಬರ್ರಿ. ರವಿವಾರ ಮುಂಜಾನಿ ಜೀಪ್ ತೊಗೊಂಡು ಬರ್ತೀನಿ, ಮನಿ ಎಲ್ಲದ ಅಂತ ಹಮೀದಾಬಿ ಹೇಳ್ಯಾಳ."

ಮೈ ಹುಷಾರಿಲ್ಲ ಅಂತ ಬರೆದೆ, ಅಳಿಸಿದೆ. ಊರಲ್ಲಿಲ್ಲ ಅಂತ ಬರೆದೆ, ಅದನ್ನೂ ಅಳಿಸಿದೆ. ರವಿವಾರ ಬಂದೇ ಬಿಟ್ಟಿತು.

*

ಅಪ್ಪ ಆಡಕಿ ಊರಿನ ಹೊಲಕ್ಕೆ ಹೋಗಿದ್ದರು. ಅವ್ವ ಪಡಸಾಲೆಯಲ್ಲಿ ಚುರಮುರಿ ನೆನೆಸುತ್ತಿದ್ದಳು. ಹೊಸ ಅಂಗಿ ತೊಟ್ಟು ಒಳಗೆ ಬಂದ ಸಿದ್ಧಲಿಂಗ ನೇರವಾಗಿ ಅವ್ವನ ಕಾಲಿಗೆ ಬಿದ್ದ.

"ಯಾರಪ್ಪ ನೀ? ಕರೆಂಟ್ ಬಿಲ್ ಕೊಡಾಂವ ಕಾಲಿಗೆ ಬಿದ್ದದ್ದು ಇದೇ ಮೊದಲ ನೋಡಿದೆ."

"ನಾ ಸಿದ್ಧಲಿಂಗ ರೀ ಅವ್ವಾರ. ವಾಡಿ. ಚಿಂಚೋಳಿಗೆ ಹೋಗೋದದಲ್ರಿ, ಮಾವ ಆಗಲೇ ಅಲ್ಲಿ ಹೋಗ್ಯಾರ. ನೀವೇ ಬರ್ದಿದ್ರಲ್ಲ, ಓದಲಾರ್ದವರೊಳಗೂ ಕಥಿ ಇರ್ತದಂತ."

"ನಾ ಬರ್ದೆ?" ಅವ್ವ ನಕ್ಕಳು. "ಯಪ್ಪಾ, ನಂದು ಹೆಬ್ಬಟ್ಟು."

ಹೊರಗೆ ಜೀಪಿನ ಎಂಜಿನ್ನು ನಡುಗುತ್ತಲೇ ಇತ್ತು. ಅವ್ವ ನನ್ನ ಕಡೆ ತಿರುಗಿದಳು. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಅಷ್ಟೇ ಸಾಕಾಯಿತು ಅವಳಿಗೆ.

"ಸಿನಿಮಾ ಮಾತು ನನ್ನವು ತಮ್ಮಾ," ಅಂದಳು ಮೆಲ್ಲಗೆ. "ನಾ ಟಿವಿಗೆ ಬೈತೀನಿ, ಈಕಿ ಮೊಬೈಲಿನಾಗ ಹಾಕ್ತಾಳ. ಪುಸ್ತಕ ಓದಾಕಿ, ಬರ್ಯಾಕಿ, ಎಲ್ಲ ಈಕಿನೇ."

ಸಿದ್ಧಲಿಂಗ ನನ್ನನ್ನು ನೋಡಿದ. ಅವನ ಕಣ್ಣು ಈ ಸಲ ನನ್ನನ್ನು ದಾಟಿ ಹೋಗಲಿಲ್ಲ. ಹಣೆಯಿಂದ ಇಳಿದು, ಹಿಟ್ಟು ಹತ್ತಿದ ಕೈಗೆ ಬಂದು, ಮತ್ತೆ ಮುಖಕ್ಕೆ ಹೋಗಿ ನಿಂತಿತು.

"ಸೆರಗಿನ ಮಾತು?"

"ಅದು ಅವ್ವಂದ್ರಿ."

"ನಮ್ಮವ್ವನ ದನಿ ಬಗ್ಗೆ ಬರ್ದಿದ್ದೆ. ಅದಕ್ಕ ಉತ್ತರ?"

"ನಂದು."

"ಅಷ್ಟು ಸಲ ಅಂಗಡಿ ಮುಂದ ನಿಂತು 'ಹೇಳ್ತೀನ್ರಿ, ಹೇಳ್ತೀನ್ರಿ' ಅಂದ್ರಿ." ಅವನ ದನಿ ಏರಲಿಲ್ಲ. ಅದೇ ಕಷ್ಟವಾಯಿತು.

"ನಾ ಬಾಯಿ ಬಿಟ್ರ ಅವ್ವಾರು ಹೋಗ್ತಿದ್ರು," ಅಂದೆ. "ಅವರು ಹೋದ್ರ, ನಂದಂತ ನಿಮ್ಮ ಹತ್ರ ಬ್ಯಾರೆ ಏನಿತ್ರಿ?"

ಅವನು ನೆಲ ನೋಡಿದ. ಜೀಪಿನವನು ಹಾರ್ನ್ ಹೊಡೆದ.

"ಚಿಂಚೋಳಿಗೆ ಹೋಗು ಅಂತ ಬರ್ದವರೂ ನೀವ?"

"ಹೌದು."

"ಮನಸಿನಿಂದ ಬರ್ದ್ರಿ?"

ಅಡುಗೆಮನೆ ಎರಡು ಹೆಜ್ಜೆ ಹಿಂದೆ ಇತ್ತು. ಓಡಬಹುದಿತ್ತು. ಓಡಿದರೆ ಅವನು ಸಂಜೆಯೊಳಗೆ ಚಿಂಚೋಳಿಯ ಅಳಿಯ. ಕಾಲು ಗಟ್ಟಿ ಮಾಡಿ ನಿಂತೆ.

"ಅದು ಛಲೋ ಅಭಿಪ್ರಾಯ ರೀ. ಆದ್ರ ನಂದಲ್ಲ."

"ನಿಮ್ಮದೇನು?"

"ಹೋಗಬ್ಯಾಡ್ರಿ."

ಅಷ್ಟು ಸಣ್ಣ ದನಿಯಲ್ಲಿ ಅಂದೆನೋ ಏನೋ, ಅವನು ಒಂದು ಹೆಜ್ಜೆ ಮುಂದೆ ಬಂದ. ಮತ್ತೊಮ್ಮೆ ಅಂದೆ.

ಮೊದಲು ಮಾತಾಡಿದ್ದು ಅವ್ವ. "ನಿಮ್ಮ ನಿಮ್ಮದು ಆಮ್ಯಾಲ ನೋಡ್ಕೋರಿ. ಅಲ್ಲಿ ಒಂದು ಹುಡುಗಿ ಸೀರಿ ಉಟ್ಕೊಂಡು ಕುಂತಿರ್ತಾಳ. ಮನಸಿಲ್ಲಂದ್ರ ಮೊದಲ ಫೋನ್ ಹಚ್ಚು. ಯಾರನ್ನೂ ಸುಳ್ಳ ಕುಂದ್ರಿಸಬಾರ್ದು."

ಅವನು ಅಂಗಳಕ್ಕೆ ಹೋಗಿ ಫೋನ್ ಹಚ್ಚಿದ. "ಮಾವ, ಬರಂಗಿಲ್ರಿ ನಾ... ತಪ್ಪು ನಂದೇ, ಅವರಿಗೆ ಹಂಗೇ ಹೇಳ್ರಿ... ಹಿರೇರನ್ನ ಕೇಳೀನ್ರಿ. ಬ್ಯಾಡ ಅಂದ್ರು." ಆಮೇಲೆ ಫೋನನ್ನು ಕಿವಿಯಿಂದ ದೂರ ಹಿಡಿದ. ಮಾವನ ಬೈಗುಳ ಪಡಸಾಲೆಯ ತನಕ ಕೇಳಿಸಿತು. ಜೀಪಿನವನನ್ನು ಕಳಿಸಿ ಬಂದು, ಕಂಬಕ್ಕೆ ಬೆನ್ನು ಕೊಟ್ಟು ಕುಳಿತ.

ನಾನು ಅಂದುಕೊಂಡ ಹಾಗೆ ಅವನ ಮುಖ ಅರಳಲಿಲ್ಲ.

"ಮುಂಜಾನಿ ಮನಿ ಬಿಡೋವಾಗ ಒಬ್ರು ತಾಯಿ ಇದ್ರು ನನಗ," ಅಂದ. "ಈಗ ಇಲ್ಲ. ಸಿಟ್ಟಲ್ರಿ. ಖಾಲಿ ಖಾಲಿ ಅನಸ್ತದ, ಅಷ್ಟೇ."

ಅವನನ್ನು ಇಷ್ಟು ದಿನ ಬೆಚ್ಚಗಿಟ್ಟದ್ದೂ ನಾನೇ, ಈಗ ಚಳಿಗೆ ಬಿಟ್ಟದ್ದೂ ನಾನೇ.

ಅವ್ವ ನೆನೆಸಿದ ಚುರಮುರಿಗೆ ಒಗ್ಗರಣೆ ಹಾಕಿ ಸುಸಲಾ ತಂದು ಅವನ ಮುಂದಿಟ್ಟಳು. "ಓದಾಕ ಬರಲಾರ್ದಾಕಿ ಇದ್ದೀನಲ್ಲಪ್ಪ. ತಿನ್ನು. ಖಾರ ಹೆಚ್ಚಾಗಿದ್ರ ಅಭಿಪ್ರಾಯ ಹೇಳು."

ಅವನು ಒಂದು ತುತ್ತು ಬಾಯಿಗಿಟ್ಟ. "ಹೆಚ್ಚಾಗ್ಯದ ರೀ ಅವ್ವಾರ," ಅಂದ. ಕಣ್ಣು ಒರೆಸಿಕೊಂಡ. ಅದು ಖಾರಕ್ಕಲ್ಲ ಅಂತ ಅವ್ವನಿಗೂ ಗೊತ್ತಿತ್ತು. ಅವಳು ನೀರು ತರುವ ನೆವ ಮಾಡಿ ಹಿತ್ತಲಿಗೆ ಹೋದಳು.

ನಾನು ಎದುರಿನ ಕಂಬದ ಹತ್ತಿರ ಕುಳಿತೆ. ನಡುವೆ ತಾಟು ಇತ್ತು. ಅವನು ತಾಟನ್ನು ನನ್ನ ಕಡೆ ಒಂಚೂರು ಸರಿಸಿದ.

"ಈಗಲೇ ಏನೂ ಕೇಳಬ್ಯಾಡ್ರಿ ನನಗ," ಅಂದ. "ನಿಮ್ಮನ್ನ ಮೊದಲಿಂದ ಓದಬೇಕು ನಾ."

ಆಗಲಿ ಅಂತ ತಲೆ ಅಲ್ಲಾಡಿಸಿದೆ.

ಅವನು ಏನೋ ಹೇಳಲು ಬಾಯಿ ತೆರೆದವನು ಅಲ್ಲೇ ತಡೆದ. ನನ್ನನ್ನು ಏನಂತ ಕರೆಯಬೇಕೆಂದು ಹುಡುಕುತ್ತಿದ್ದನೆಂದು ತೋರುತ್ತದೆ. ಅವನ ಕಿವಿ ಕೆಂಪಾಯಿತು.

"ನಿಮ್ಮ ಹೆಸರೇನ್ರಿ?"

"ಬಸವೇಶ್ವರಿ," ಅಂದೆ.