ಒಡ್ಡಿನ ಕೆಳಗಿನ ಮನೆ

ಆಚೆ ಹೊಲದ ನಾಗರತ್ನಾಳ ಒಡ್ಡಿಗೆ ‘ಅಪಾಯ: ಕಡಿಮೆ’. ತನ್ನ ಒಡ್ಡಿಗೆ ‘ಅಪಾಯ: ಹೆಚ್ಚು’. ಊರ ಒಡ್ಡುಗಳ ತಪಾಸಣೆಯ ಕಾಗದವನ್ನು ಅನ್ನಪೂರ್ಣಾ ಎರಡೆರಡು ಸಲ ಓದಿದಳು.

ಮುರಗೋಡದ ಆಚೆ, ಸ್ವಂತ ಹೊಲದಲ್ಲಿ ಮಳೆನೀರು ನಿಲ್ಲಲೆಂದು ಅಪ್ಪ ಕಟ್ಟಿಸಿ ಹೋದ ಮಣ್ಣಿನ ಒಡ್ಡು ಅವಳದು. ಹೋದ ವರ್ಷ ನೋಡಲು ಬಂದಿದ್ದ ಎಂಜಿನಿಯರ್ ಮಹಾದೇವ “ಜಾಲಿ ಬೇರು ಒಡ್ಡಿನ ಹೊಟ್ಟಿ ಸೀಳತಾವ್ರಿ” ಅಂದದ್ದೇ ತಡ, ಇವಳು ಗಿಡಗಳನ್ನು ಬುಡಸಮೇತ ಕೀಳಿಸಿ, ಮಣ್ಣು ತುಂಬಿ ಬಡಿಸಿ, ಹುಲ್ಲು ಹಚ್ಚಿಸಿದ್ದಳು. ಏಡಿ ಕೊರೆದ ತೂತುಗಳನ್ನು ತಾನೇ ಕುಂತು ಮುಚ್ಚಿದ್ದಳು. ಒಡ್ಡಿಗಾಗಿ ಅಂತ ಊರಿಗೆ ಹೇಳಿದ್ದು. ನಿಜವಾಗಿ ಅವನು ಒಮ್ಮೆ ಭೇಷ್ ಅನ್ನಲಿ ಅಂತ.

ಇನ್ನು ನಾಗರತ್ನಾಳ ಒಡ್ಡು? ಮೇಲೆ ಜಾಲಿ ಕಾಡು, ಹಿಂದೆ ನೀರು ಜಿನುಗಿ ಕೆಸರು. ಅವಳು ಒಂದು ಬುಟ್ಟಿ ಮಣ್ಣು ಹಾಕಿದವಳಲ್ಲ. ಹಾಕಿದ್ದು ಇದೇ ಮಹಾದೇವ ಸಾಹೇಬರ ತಾಟಿಗೆ ಶೇಂಗಾ ಹೋಳಿಗೆ, ಅದನ್ನೂ ಯರಗಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎಲ್ಲರಿಗೂ ಹೇಳಿದ್ದಳು.

ಈಗ ಸಹಿಗೆಂದು ಒಡ್ಡಿನ ಮೇಲೆ ನಿಂತಿದ್ದ ಮಹಾದೇವ ಪೆನ್ನು ಚಾಚಿದ. ಅನ್ನಪೂರ್ಣಾ ಮುಟ್ಟಲಿಲ್ಲ.

“ಹೋಳಿಗಿ ಭಾಳ ಛಲೋ ಇದ್ದೂವೇನ್ರಿ?”

“ಯಾವ ಹೋಳಿಗಿ?”

“ಸೋರೂ ಒಡ್ಡನ್ನ ಪಾಸ್ ಮಾಡಸೂವಂಥಾ ಹೋಳಿಗಿ.”

ಅವನ ತುಟಿ ಕೊಂಚ ಅಲುಗಿತು. ನಗು ತಡೆದುಕೊಂಡ ಆ ತುಟಿ ಚಂದ ಕಂಡಿತು, ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು.

“ಪುಟಾ ತಿರುವ್ರಿ,” ಅಂದ. “ಒಡ್ಡು ಹೆಂಗೈತಿ ಅನ್ನೂದು ಅಲ್ಲೈತಿ. ನಿಮಗ ‘ಉತ್ತಮ’. ಅವರಿಗೆ ‘ಕಳಪೆ’, ತಿಂಗಳೊಳಗ ದುರಸ್ತಿ ಮಾಡ್ರಿ ಅಂತ ಬರದೇನಿ. ಅಪಾಯ ಅನ್ನೂದು ಒಡ್ಡಿನ ಮಾರ್ಕ್ಸ್ ಅಲ್ರಿ. ಒಂದ ವ್ಯಾಳ್ಯಾ ಒಡದ್ರ ಕೆಳಗ ಯಾರ ಅದಾರ ಅನ್ನೂ ಮಾತದು. ಅವರ ಒಡ್ಡಿನ ಕೆಳಗ ಬರೇ ಜ್ವಾಳದ ಹೊಲ.”

“ಮತ್ತ ನನ್ನ ಒಡ್ಡಿನ ಕೆಳಗ?”

ಅವನು ಕೆಳಗೆ ನೋಡಿದ. ಇಳಿಜಾರಿನ ಬುಡದಲ್ಲೇ ಅವಳ ಮನೆ. ಅಂಗಳದಲ್ಲಿ ಅವಳ ಅವ್ವ ಗುರವ್ವ ಮೆಣಸಿನಕಾಯಿ ಹರವುತ್ತಿದ್ದಳು.

“ನೀವು ಅದೀರಿ. ಮಳಿ ಜೋರಾದ್ರ ಅಲ್ಲಿ ಸವದತ್ತಿಯೊಳಗ ನನಗ ನಿದ್ದಿ ಹತ್ತೂದಿಲ್ಲ. ಕಡಿಮೆ ಅಂತ ಹೆಂಗ ಬರೀಲಿ?”

ಅನ್ನಪೂರ್ಣಾ ಕಾಗದದ ತುದಿಯನ್ನು ಮಡಚಿದಳು, ಬಿಡಿಸಿದಳು.

“ಅಪಾಯ ಕಡಿಮಿ ಆಗಬೇಕಂದ್ರ?”

“ನೀವು ಇಲ್ಲಿ ಇರಬಾರದು. ನನ್ನ ಬಾಡಗಿ ಮನಿ ಎರಡನೇ ಮಾಳಿಗಿ ಮ್ಯಾಲೈತಿ,” ಎಂದು ಹೇಳಿ ಮಹಾದೇವ ಕಿವಿಯವರೆಗೆ ಕೆಂಪಾದ.

“ನಾ ಹೊಲಾ ಬಿಟ್ಟು ಬರಂಗಿಲ್ರಿ.”

ಅವನ ಮುಖ ಬಾಡಿತು. ಇಷ್ಟು ಹೊಟ್ಟೆ ಉರಿಸಿದವನು ಸ್ವಲ್ಪ ಬಾಡಲಿ ಅಂತ ಅವಳೂ ಕಣ್ತುಂಬ ನೋಡಿದಳು. ಆಮೇಲೆ ಪಕ್ಕದ ದಿಬ್ಬದತ್ತ ಕೈ ಮಾಡಿದಳು.

“ಅದೂ ನಂದ ಜಾಗಾ. ಎಷ್ಟ ನೀರು ಬಂದ್ರೂ ಅಲ್ಲಿಗೆ ಹತ್ತೂದಿಲ್ಲ. ಅಲ್ಲೇ ಮನಿ ಕಟ್ಟಸತೇನಿ. ಮೂರು ಮಂದಿಗೆ.”

ಮಹಾದೇವ ದಿಬ್ಬವನ್ನೂ ಅವಳನ್ನೂ ನೋಡುತ್ತ ನಿಂತ. ಮೂರನೆಯವರು ಯಾರೆಂದು ಕೇಳುವಷ್ಟು ದಡ್ಡನಲ್ಲ.

ಅವಳು ಪೆನ್ನು ಕಸಿದುಕೊಂಡು ‘ಹೆಚ್ಚು’ ಅನ್ನುವುದರ ಕೆಳಗೇ ಸಹಿ ಹಾಕಿದಳು.

“ತಿಂಗಳಾದ ಮ್ಯಾಲ ಅಕಿ ಒಡ್ಡು ನೋಡಾಕ ಮತ್ತ ಹೋಗಬೇಕಲ್ಲ ನೀವು?”

“ಹೋಗಬೇಕ್ರಿ. ಡ್ಯೂಟಿ.”

“ಹೋಗ್ರಿ. ಮೊದಲ ಇಲ್ಲಿಗೆ ಬಂದು, ಹೊಟ್ಟಿ ತುಂಬ ಉಂಡು ಹೋಗ್ರಿ.”